ರಕ್ಷಣೆಯೆಂಬ ಮಾತು

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣಾನದಿಯ ದಡದ ಮೇಲೆ, ಗೂಗಲ್ ಎಂಬ ಗ್ರಾಮವಿದೆ. ಅಲ್ಲಿ ಅಲ್ಲಮಪ್ರಭುವಿನ ಹೆಸರಿನ ದೇವಾಲಯವುಂಟು. ಅಲ್ಲಮನನ್ನು ನೆನೆದೊಡನೆ ಕನ್ನಡಿಗನಾದವನಿಗೆ ಮುಕ್ತಿ, ಐಕ್ಯ, ಬಯಲು ಎಂಬ ಮಾತುಗಳು ತಾವಾಗಿಯೇ ನಾಲಗೆಗೆ ಬರುತ್ತವೆ. ಅದೇ ಜಿಲ್ಲೆಯ ಮುದಗಲ್ಲಿನಲ್ಲಿ ಬಹು ಹಳೆಯದಾದ ಒಂದು ರೋಮನ್ ಕ್ಯಾಥೊಲಿಕ್ ಚರ್ಚು ಇದೆ. ಅದರ ಸ್ಥಾಪನೆಗೆ 1557ನೆಯ ಇಸವಿಯನ್ನು ಹೇಳುತ್ತಾರೆ.  ಅಲ್ಲಮನ ಮಾತುಗಳನ್ನು ಕೇಳಿ ಬೆಳೆದ ಜನರ ನಡುವೆ ಕ್ರೈಸ್ತ ಧರ್ಮವು ತಾನು ಸಾರುವ ಪರಮಗತಿಯನ್ನು ಏನೆಂದು ಹೆಸರಿಸಬೇಕಾಗಿತ್ತು? ಮುಕ್ತಿಯೆನ್ನಬಹುದಾಗಿತ್ತು, ಮೋಕ್ಷವೆನ್ನಬಹುದಾಗಿತ್ತು. ಆದರೆ ಕನ್ನಡ ಬೈಬಲ್ಲಿನಲ್ಲಿ ನೆಲೆಗೊಂಡುದು ಇವೆರಡೂ ಅಲ್ಲ, ರಕ್ಷಣೆಯೆಂಬ ಮಾತು. ಏಕೆ ಹೀಗಾಯಿತೆಂಬುದನ್ನು ನಾವು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಭಾಷಾಂತರಕಾರರಿಗೆ ಮೋಕ್ಷವೆಂಬ ಪದ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡವನ್ನು ಕಲಿತು, ಬೈಬಲ್ಲನ್ನು ಕನ್ನಡಿಸುವುದರಲ್ಲಿ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದರು. 1831ರ ಹೊತ್ತಿಗೆ ಇಡೀ ಗ್ರಂಥವು ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಆ ಕಾರ್ಯವನ್ನು ತಿದ್ದಿ ಮುಂದುವರಿಸಿದರು. ಅವರಲ್ಲಿ ಮೋಗ್ಲಿಂಗರು ವೀರಶೈವ ಪುರಾಣಗಳನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದವರು. ಕಿಟ್ಟೆಲ್ಲರು 1894ರಲ್ಲಿ ತಮ್ಮ ಮಹಾನಿಘಂಟನ್ನು ಹೊರತಂದವರು. ಇಂಥ ವಿದ್ವಾಂಸರ ವರ್ಗವು ಮೋಕ್ಷವನ್ನು ಬದಿಗಿಟ್ಟಿತೆಂದರೆ ಅದು ಅರಿಯದೆ ಬಂದುದಲ್ಲ, ಅರಿತು ಬಂದುದೆಂದೇ ನಾವು ತಿಳಿಯಬೇಕಾಗಿದೆ.

ಮೂಲದ ಗ್ರೀಕ್ ಮಾತು ಸೋತೇರಿಯ. ಅದರ ಧಾತುವಿಗೆ ಅಪಾಯದಿಂದ ಪಾರುಮಾಡು, ರೋಗದಿಂದ ಗುಣಪಡಿಸು ಎಂಬ ಅರ್ಥಗಳೆರಡೂ ಸಲ್ಲುತ್ತವೆ. ಬಿರುಗಾಳಿಯಲ್ಲಿ ದೋಣಿ ಮುಳುಗುತ್ತಿರುವಾಗ ಶಿಷ್ಯರು ಮೊರೆಯಿಡುವುದೂ ಇದೇ ಧಾತುವಿನಿಂದ. ಹನ್ನೆರಡು ವರ್ಷ ರಕ್ತಸ್ರಾವದಿಂದ ನವೆದ ಹೆಂಗಸು ಗುಣಹೊಂದುವುದೂ ಇದರಿಂದಲೇ. ಪಾಪಿಯು ದೇವರೊಡನೆ ಸಮಾಧಾನವಾಗುವುದೂ ಇದರಿಂದಲೇ. ಯೇಸುವಿನ ಹೀಬ್ರೂ ಹೆಸರಿನೊಳಗೆ ದೇವರು ಪಾರುಗಾಣಿಸುತ್ತಾನೆ ಎಂಬ ಅರ್ಥವಡಗಿದೆ. ದೇಹ, ಊರು, ಆತ್ಮ ಇವೆಲ್ಲವನ್ನೂ ಒಂದೇ ಮಾತು ತಬ್ಬಿಕೊಂಡಿದೆಯೆನ್ನಬೇಕು.

ಮೋಕ್ಷವಾದರೋ ಬಿಡುಗಡೆ, ಅದೂ ಹುಟ್ಟುಸಾವುಗಳ ಚಕ್ರದಿಂದ. ಕ್ರೈಸ್ತನು ಆ ಚಕ್ರವನ್ನು ಒಪ್ಪುವವನಲ್ಲ. ಅವನ ಲೆಕ್ಕದಲ್ಲಿ ಜನ್ಮವೊಂದೇ. ಕೇಡು ಜನ್ಮದಲ್ಲಿಲ್ಲ, ಪಾಪದಲ್ಲಿದೆ. ಪಾಪವೆಂದರೆ ಲೆಕ್ಕಕ್ಕೆ ಬರೆದ ದುಷ್ಕರ್ಮಗಳ ಮೊತ್ತವಷ್ಟೇ ಅಲ್ಲ. ಮನುಷ್ಯನಿಗೂ ದೇವರಿಗೂ ನಡುವೆ ಬಿದ್ದ ಬಿರುಕು. ಅದನ್ನು ಮನುಷ್ಯನು ತನ್ನ ಕಡೆಯಿಂದ ಮುಚ್ಚಲಾರನು, ಆದುದರಿಂದ ದೇವರೇ ಕ್ರಿಸ್ತನಲ್ಲಿ ಈ ಕಡೆಗೆ ಬಂದು, ಶಿಲುಬೆಯ ಮರಣದಿಂದಲೂ ಪುನರುತ್ಥಾನದಿಂದಲೂ ಅದನ್ನು ಕೂಡಿಸಿದನು ಎಂಬುದು ಆ ಧರ್ಮದ ತಿರುಳು. ಕೂಡಿದ ಮೇಲೆಯೂ ಜೀವನು ದೇವರಲ್ಲಿ ಕರಗಿಹೋಗುವುದಿಲ್ಲ. ಮಗನು ಮಗನಾಗಿಯೇ, ತಂದೆಯು ತಂದೆಯಾಗಿಯೇ ಉಳಿಯುತ್ತಾರೆ. ದೇಹಕ್ಕೂ ಪುನರುತ್ಥಾನವುಂಟು. ಅಲ್ಲಮನ ಬಯಲಿಗೆ ಇದಕ್ಕಿಂತ ದೂರದ ಮಾತು ಇನ್ನಾವುದು? ಮೋಕ್ಷವೆಂದು ಬರೆದಿದ್ದರೆ ಓದುವವನು ತನಗೆ ತಿಳಿದುದನ್ನೇ ಅಲ್ಲಿ ಓದಿಕೊಂಡು ತೃಪ್ತನಾಗಿ ಪುಸ್ತಕವನ್ನು ಮುಚ್ಚುತ್ತಿದ್ದನು. ರಕ್ಷಣೆಯೆಂದಾಗ, ರಕ್ಷಿಸುವವನು ಯಾರು, ಯಾವುದರಿಂದ ರಕ್ಷಿಸುತ್ತಾನೆ ಎಂದು ಕೇಳಲೇಬೇಕಾಗುತ್ತದೆ.

ಆದರೆ ಈ ಆಯ್ಕೆಗೆ ಬೆಲೆಯನ್ನೂ ತೆರಬೇಕಾಯಿತು. ಕೃಷ್ಣಾ ತುಂಗಭದ್ರೆಗಳ ನಡುವಣ ಆ ಭೂಮಿಗಾಗಿ ವಿಜಯನಗರದವರೂ ಬಹಮನಿ ಸುಲ್ತಾನರೂ ಅವರ ಉತ್ತರಾಧಿಕಾರಿಗಳೂ ತಲೆಮಾರುಗಳ ಕಾಲ ಕಾದಾಡಿದರು. ರಾಯಚೂರು, ಮುದಗಲ್ಲುಗಳ ಕೋಟೆಗಳು ಇಂದಿಗೂ ನಿಂತಿವೆ. ಅಲ್ಲಿಯ ಜನಕ್ಕೆ ರಕ್ಷಣೆಯೆಂದರೆ ಮೊದಲು ನೆನಪಾಗಬೇಕಾದುದು ಕೋಟೆಯ ಗೋಡೆ. ಇಲ್ಲೊಂದು ವಿನೋದವುಂಟು: 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಪೋರ್ಚುಗೀಸ್ ಬಂದೂಕುಗಾರರು ಅವನ ನೆರವಿಗಿದ್ದರು. ಮುದಗಲ್ಲಿನ ಚರ್ಚಿಗೆ ಮುಂಚೆಯೇ ಆ ಸೀಮೆಯನ್ನು ಕಂಡ ಈ ಕ್ರೈಸ್ತರು ರಕ್ಷಣೆಯನ್ನು ಸಾರಲು ಬಂದವರಲ್ಲ, ಗೋಡೆಯ ಮೇಲಿನ ಕಾವಲುಗಾರರಿಗೆ ಗುರಿಯಿಡಲು ಬಂದವರು! ಗೋಡೆಯ ಅರ್ಥವು ಮುಂದಾದರೆ ಶತ್ರುವು ಹೊರಗಿನವನೆಂದೇ ತೋರುತ್ತದೆ. ಒಳಗಿನ ಪಾಪದ ಮಾತು ಹಿಂದೆ ಬೀಳುತ್ತದೆ.

ಹಸಿವಿನ ಕಾಲದಲ್ಲಿ ಈ ತೊಡಕು ಇನ್ನೂ ಕಠಿನವಾಯಿತು. 1876ರಿಂದ 1878ರ ವರೆಗಿನ ದೊಡ್ಡ ಕ್ಷಾಮವು ಬಳ್ಳಾರಿ, ರಾಯಚೂರು ಸೀಮೆಗಳನ್ನೂ ತೆಲುಗು ನಾಡನ್ನೂ ಒಟ್ಟಿಗೆ ಸುಟ್ಟಿತು. ಒಂಗೋಲಿನಲ್ಲಿದ್ದ ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲಫ್ ಅವರು ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗದ ಅಗೆತವನ್ನು ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಒದಗಿಸಿದರು. ಆ ಕಾಲದಲ್ಲಿ ದೀಕ್ಷಾಸ್ನಾನವನ್ನು ಬೇಡಿ ಬಂದವರನ್ನು ಅವರು ತಡೆದು ನಿಲ್ಲಿಸಿದರು. ಅನ್ನಕ್ಕಾಗಿ ಬಂದವರು ಯಾರು, ನಂಬಿ ಬಂದವರು ಯಾರು ಎಂಬುದನ್ನು ಹೇಗೆ ಬೇರ್ಪಡಿಸುವುದು? ಪರಿಹಾರಕಾರ್ಯ ಮುಗಿದ ಮೇಲೆ, 1878ರ ಜುಲೈ 3ರಂದು, ಒಂದೇ ದಿನದಲ್ಲಿ 2222 ಜನಕ್ಕೆ ದೀಕ್ಷಾಸ್ನಾನವಾಯಿತು. ಅನ್ನದಾಸೆಯ ಮತಾಂತರವೆಂದು ಇಂಥವನ್ನು ಹಳಿಯುವವರುಂಟು. ನಾವು ಆ ತೀರ್ಪಿಗೆ ಆತುರಪಡುವುದಿಲ್ಲ. ಊರಿನ ಬಾವಿಗೂ ಸೇರಿಸದಿದ್ದ ಜನಕ್ಕೆ ದೇಹದ ರಕ್ಷಣೆ ಬೇರೆ, ಆತ್ಮದ ರಕ್ಷಣೆ ಬೇರೆ ಎಂದು ಹೇಳಲು ಹೊಟ್ಟೆ ತುಂಬಿದವರಾದ ನಮಗೆ ಅಧಿಕಾರವೆಲ್ಲಿಯದು? ಮೂಲದ ಗ್ರೀಕ್ ಮಾತಿನಲ್ಲಿಯೂ ಆ ಗೆರೆ ಇಲ್ಲವೆಂಬುದನ್ನು ಆಗಲೇ ಕಂಡೆವು.

ಕ್ರೈಸ್ತರೊಳಗೂ ಈ ವಿಷಯದಲ್ಲಿ ಜಗಳವಿಲ್ಲದಿಲ್ಲ. ಮನುಷ್ಯನು ನಂಬಿಕೆಯಿಂದ ಮಾತ್ರವೇ ನೀತಿವಂತನೆನಿಸುತ್ತಾನೆಂದು ಜರ್ಮನಿಯ ಲೂಥರನು ಸಾರಿದನು. ದೇವರ ವರದೊಡನೆ ಮನುಷ್ಯನ ಸಮ್ಮತಿಯೂ ಸತ್ಕ್ರಿಯೆಯೂ ಕೂಡಬೇಕೆಂದು ರೋಮಿನ ಪಕ್ಷವು 1547ರಲ್ಲಿ ಟ್ರೆಂಟ್ ಸಭೆಯಲ್ಲಿ ವಿಧಿಸಿತು. ಇದಾದ ಹತ್ತು ವರ್ಷಕ್ಕೆ ಮುದಗಲ್ಲಿನ ಚರ್ಚು. ಹೀಗೆ ಗೋವೆಯ ದಾರಿಯಿಂದ ಒಂದು ಉತ್ತರವೂ, ಬಳ್ಳಾರಿ ಮಂಗಳೂರುಗಳ ದಾರಿಯಿಂದ ಇನ್ನೊಂದು ಉತ್ತರವೂ ಕನ್ನಡಕ್ಕೆ ಬಂದವು. ಪ್ರಾಟೆಸ್ಟೆಂಟರು ಕೃಪೆಯೆಂದು ಕರೆದುದನ್ನು ಕ್ಯಾಥೊಲಿಕರು ವರಪ್ರಸಾದವೆಂದರು. ಪ್ರಸಾದವೆಂಬ ಮಾತು ಅಲ್ಲಮನ ಕಾಲದ ಶರಣರ ಮನೆಯದು. ಬೇಡಿ ಗಳಿಸಿದುದಲ್ಲ, ಕೊಟ್ಟಾಗ ಕೈಯೊಡ್ಡಿ ಪಡೆದುದು. ಮೋಕ್ಷವು ಹೊರಗೆ ಉಳಿದ ಬಾಗಿಲಿನಲ್ಲಿ ಪ್ರಸಾದವು ಸದ್ದಿಲ್ಲದೆ ಒಳಗೆ ಬಂದಿತೆನ್ನಬಹುದು. ಅದನ್ನು ಕಂಡು ನಮಗೆ ಸಂತೋಷವೇ ಆಗುತ್ತದೆ.

ಆ ಹಳೆಯ ವ್ಯಾಜ್ಯದ ಮೂಲಾಂಶಗಳಲ್ಲಿ ತಮಗೆ ಒಮ್ಮತವುಂಟೆಂದು ಲೂಥರನ್ ಸಂಘದವರೂ ರೋಮಿನವರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕೂಡಿ ರುಜು ಹಾಕಿದರು. ಕನ್ನಡದ ಮಾತುಗಳಲ್ಲಿ ಮಾತ್ರ ಒಡಂಬಡಿಕೆ ಇನ್ನೂ ಆಗಿಲ್ಲ. ಬಹುಕಾಲದಿಂದ ಬಂದ ಬೈಬಲ್ಲಿನಲ್ಲಿ ರಕ್ಷಕನೂ ರಕ್ಷಣೆಯೂ ಇದ್ದರೆ, ಕ್ಯಾಥೊಲಿಕರು ಓದುವ ಹೊಸ ಅನುವಾದದಲ್ಲಿ ಲೋಕೋದ್ಧಾರಕನೂ ಜೀವೋದ್ಧಾರವೂ ಇವೆ. ಒಂದು ಕೋಟೆಯೊಳಗೆ ಕರೆದುಕೊಳ್ಳುವ ಮಾತು. ಇನ್ನೊಂದು ಬಿದ್ದವನನ್ನು ಮೇಲಕ್ಕೆತ್ತುವ ಮಾತು.