ಧಾರೆ ಒಂದು ದಿನ, ಸಹಿ ಇನ್ನೊಂದು ದಿನ

ಇಂಗ್ಲೆಂಡಿನಲ್ಲಿ ನಮ್ಮ ಮಕ್ಕಳು ಎರಡೆರಡು ಸಲ ಮದುವೆಯಾಗುವುದು ನಮಗೆಲ್ಲ ರೂಢಿಯಾಗಿದೆ: ರಿಜಿಸ್ಟ್ರಾರ್ ಎದುರು ಸಹಿ, ಬಾಡಿಗೆ ಸಭಾಂಗಣದಲ್ಲಿ ಧಾರೆ. ಕಾರಣ ಹುಡುಕುತ್ತ ಹೋದರೆ 1753ರ ಹಾರ್ಡ್‌ವಿಕ್ ಕಾಯಿದೆಗೆ ಬಂದು ನಿಲ್ಲುತ್ತೇವೆ. ಗುಟ್ಟಿನ ಮದುವೆಗಳನ್ನು ತಡೆಯಲು ಬಂದ ಆ ಕಾಯಿದೆ, ಕ್ವೇಕರರು ಮತ್ತು ಯಹೂದಿಗಳ ಹೊರತು ಎಲ್ಲರೂ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕೆಂದಿತು, ಕ್ಯಾಥೊಲಿಕರು ಕೂಡ! 1836ರ ಕಾಯಿದೆ ರಿಜಿಸ್ಟ್ರಾರ್ ಕಚೇರಿಯನ್ನೂ ಇತರ ಪಂಥಗಳ ನೋಂದಾಯಿತ ಕಟ್ಟಡಗಳನ್ನೂ ಸೇರಿಸಿತು, 1994ರದು ಹೋಟೆಲುಗಳನ್ನು. ಕಾನೂನಿನ ಕಣ್ಣು ಮಾತ್ರ ಕಟ್ಟಡದ ಮೇಲೇ ಉಳಿಯಿತು.

2022ರಲ್ಲಿ ಲಾ ಕಮಿಷನ್, ಕಟ್ಟಡ ನೋಡಬೇಡಿ, ಮದುವೆ ಮಾಡಿಸುವವರಿಗೆ ಅಧಿಕಾರ ಕೊಡಿ ಎಂದು ಶಿಫಾರಸು ಮಾಡಿತು. ಇದು ಬರೀ ಅನುಕೂಲದ ಮಾತಲ್ಲ. 1998ರಲ್ಲಿ ಲಂಡನ್ನಿನ ರೆಸ್ಟೋರೆಂಟೊಂದರಲ್ಲಿ ನಡೆದ, ನೋಂದಣಿಯಿಲ್ಲದ ನಿಕಾಹ್ ಅಸಿಂಧು ಮದುವೆ ಕೂಡ ಅಲ್ಲ ಎಂದು 2020ರಲ್ಲಿ ಅಪೀಲು ನ್ಯಾಯಾಲಯ ತೀರ್ಪಿತ್ತಿತು. ಆ ಗಂಡಹೆಂಡಿರಿಗೆ ನಾಲ್ಕು ಮಕ್ಕಳಿದ್ದರು.