ಕಾಲೆತ್ತುವ ಪರೀಕ್ಷೆಯಲ್ಲಿ ಪಾದದ ಪಾತ್ರ

ಸೊಂಟದಿಂದ ಕಾಲಿಗಿಳಿಯುವ ನೋವು ನರದ್ದೋ ಸ್ನಾಯುವಿನದೋ ಎಂದು ತಿಳಿಯಲು ವೈದ್ಯರು ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಚದಂತೆ ಹಿಡಿದು ಕಾಲನ್ನು ನಿಧಾನವಾಗಿ ಮೇಲೆತ್ತುತ್ತಾರೆ. ಸೊರಬ ತಾಲ್ಲೂಕಿನ ಗುಡವಿಯಂಥ ಊರುಗಳಲ್ಲಿ ಈ ಪರೀಕ್ಷೆಯ ಅಗತ್ಯ ಎದ್ದು ಕಾಣುತ್ತದೆ. ಹೊರಗಿನವರಿಗೆ ಗುಡವಿ ಎಂದರೆ ಪಕ್ಷಿಧಾಮ. ಸುತ್ತಲಿನ ಬದುಕು ಮಾತ್ರ ಭತ್ತದ ಗದ್ದೆಯದು. ಮಳೆಗಾಲದ ನಟ್ಟಿಯಲ್ಲಿ ಹೆಂಗಸರು ಸೊಂಟ ಬಗ್ಗಿಸಿ, ಕೆಸರಿನಲ್ಲಿ ಹಿಂದಕ್ಕೆ ಹೆಜ್ಜೆಯಿಡುತ್ತ ಗಂಟೆಗಟ್ಟಲೆ ಸಸಿ ನೆಡುತ್ತಾರೆ. ಮಂಡಿ ಚಾಚಿ ಬಗ್ಗಿದಾಗ ತೊಡೆಯ ಹಿಂಭಾಗದ ಸ್ನಾಯು, ಸೊಂಟದಿಂದ ಕಾಲಿಗಿಳಿಯುವ ಸಯಾಟಿಕ್ ನರ ಎರಡೂ ಒಟ್ಟಿಗೇ ಬಿಗಿಯುತ್ತವೆ. ಹಾಗಾಗಿ ‘ಸೊಂಟ ಹಿಡಿದಿದೆ, ಕಾಲು ಸೆಳೆಯುತ್ತದೆ’ ಎಂಬ ಒಂದೇ ದೂರಿನ ಹಿಂದೆ ಎರಡು ಬೇರೆ ಬೇರೆ ತೊಂದರೆಗಳಿರಬಹುದು. ಅವನ್ನು ಬಿಡಿಸಿ ನೋಡಲು ನೆರವಾಗುವುದು ಪಾದದ ಕೀಲು.

ಆಯುರ್ವೇದ ಈ ನೋವನ್ನು ಗೃಧ್ರಸಿ ಎಂದು ಗುರುತಿಸಿದೆ. ಅದು ಪಿರ್ರೆಯಿಂದ ಸೊಂಟ, ತೊಡೆ, ಮಂಡಿ, ಮೀನಖಂಡಗಳ ದಾರಿಯಲ್ಲಿ ಪಾದದವರೆಗೆ ಹರಡುವುದನ್ನು ಚರಕಸಂಹಿತೆ ವಿವರಿಸುತ್ತದೆ. ಸುಶ್ರುತಸಂಹಿತೆಯ ಮಾತು ಇನ್ನೂ ಗಮನಾರ್ಹ: ಹಿಮ್ಮಡಿಗೂ ಬೆರಳುಗಳಿಗೂ ಸೇರಿದ ಕಂಡರಗಳು (ಸ್ನಾಯುರಜ್ಜುಗಳು) ವಾತದಿಂದ ಪೀಡಿತವಾದಾಗ ಕಾಲೆತ್ತುವುದಕ್ಕೆ ತಡೆಯಾಗುತ್ತದೆ ಎನ್ನುತ್ತದೆ ಅದು. ಇದು ರೋಗದ ಲಕ್ಷಣವೇ ಹೊರತು ವೈದ್ಯ ಮಾಡುವ ಪರೀಕ್ಷೆಯಲ್ಲ. ಆದರೂ ಪಾದಕ್ಕೂ ಕಾಲೆತ್ತುವಿಕೆಗೂ ಇರುವ ನಂಟು ಅಲ್ಲಿ ಆಗಲೇ ಕಂಡಿದೆ.

ಯುರೋಪಿನಲ್ಲಿ ಈ ನೋವು ನರದ್ದೆಂದು 1764ರಲ್ಲಿ ಬರೆದವನು ನೇಪಲ್ಸಿನ ಡೊಮೆನಿಕೊ ಕೊಟುನ್ಯೊ. ಕಾಲೆತ್ತುವ ಪರೀಕ್ಷೆ ಇಂದಿಗೂ ಪ್ಯಾರಿಸ್ಸಿನ ಚಾರ್ಲ್ಸ್ ಲಸೇಗ್ ಹೆಸರಿನಲ್ಲೇ ನಡೆಯುತ್ತಿದೆ. 1864ರ ಅವನ ಪ್ರಬಂಧದಲ್ಲಿ ಮಾತ್ರ ಅದರ ವಿವರಣೆಯಿಲ್ಲ. ವಿವರಿಸಿದವನು ಶಿಷ್ಯ ಫೋರ್ಸ್ಟ್, 1881ರಲ್ಲಿ. ಶ್ರೇಯಸ್ಸನ್ನು ಅವನು ಗುರುವಿಗೆ ಅರ್ಪಿಸಿದ. ಅದಕ್ಕೂ ಒಂದು ವರ್ಷ ಮುಂಚೆಯೇ, 1880ರಲ್ಲಿ, ಬೆಲ್‌ಗ್ರೇಡ್‌ನ ವೈದ್ಯ ಲಾಜಾ ಲಜಾರೆವಿಚ್ ಇದನ್ನು ಸರ್ಬಿಯನ್ ಭಾಷೆಯಲ್ಲಿ ಪ್ರಕಟಿಸಿದ್ದ. ಸ್ನಾಯು ನರವನ್ನು ಒತ್ತುವುದರಿಂದ ನೋವು ಎಂದು ಫೋರ್ಸ್ಟ್ ತಿಳಿದರೆ, ನರವೇ ಎಳೆತಕ್ಕೆ ಸಿಕ್ಕಿ ನೋಯುತ್ತದೆಂದು ಲಜಾರೆವಿಚ್ ಸರಿಯಾಗಿ ಹೇಳಿದ್ದ. ಸಣ್ಣ ಭಾಷೆಯಲ್ಲಿ ಬರೆದದ್ದಕ್ಕೆ ಅವನ ಹೆಸರು ಹಿಂದೆ ಬಿದ್ದದ್ದು ನ್ಯಾಯವಲ್ಲ.

ನೋವು ನರದ ಎಳೆತದ್ದಾದರೆ, ಆ ಎಳೆತವನ್ನು ಪಾದದ ಕಡೆಯಿಂದಲೂ ಹೆಚ್ಚಿಸಲು ಬರಬೇಕು. 1901ರಲ್ಲಿ ಪೋಲಿಷ್ ನರತಜ್ಞ ಫಾಯೆರ್ಶ್ಟಾಯ್ನ್ ಅದನ್ನು ತೋರಿಸಿದ: ಎತ್ತಿದ ಕಾಲಿನ ಪಾದವನ್ನು ಮೊಣಕಾಲಿನತ್ತ ಬಗ್ಗಿಸಿದರೆ ನೋವು ಏರುತ್ತದೆ. ನೋವಿಲ್ಲದ ಕಾಲನ್ನೆತ್ತಿದಾಗ ನೋವಿರುವ ಕಾಲು ಸೆಳೆಯುವುದನ್ನೂ ಅವನು ವಿವರಿಸಿದ. 1920ರ ದಶಕದ ಕೊನೆಯಲ್ಲಿ ಜರ್ಮನಿಯ ಕಾರ್ಲ್ ಬ್ರಾಗಾರ್ಡ್ ಪಾದದ ಈ ಚಲನೆಗೆ ಕ್ರಮವೊಂದನ್ನು ಕೊಟ್ಟ. ನೋವು ಶುರುವಾಗುವವರೆಗೆ ಕಾಲೆತ್ತಬೇಕು. ನೋವು ಅಡಗುವಷ್ಟು ಮಾತ್ರ ಇಳಿಸಬೇಕು. ಅಲ್ಲೇ ನಿಲ್ಲಿಸಿ, ಸೊಂಟ, ಮಂಡಿ ಕದಲದಂತೆ ಪಾದವನ್ನಷ್ಟೇ ಮೇಲಕ್ಕೆ ಬಗ್ಗಿಸಬೇಕು. ಹಳೆಯ ಸೆಳೆತ ಅದೇ ದಾರಿಯಲ್ಲಿ ಮರಳಿದರೆ ಅನುಮಾನ ನರದ ಮೇಲೆ.

ಕಾರಣ ದೇಹರಚನೆಯಲ್ಲಿದೆ. ತೊಡೆಯ ಹಿಂಭಾಗದ ಸ್ನಾಯು ಮಂಡಿಯ ಕೆಳಗೆ ಮುಗಿದುಹೋಗುತ್ತದೆ. ಪಾದ ಬಗ್ಗಿದರೆ ಅದಕ್ಕೆ ನೇರ ಎಳೆತವಿಲ್ಲ. ಸಯಾಟಿಕ್ ನರದ ಕವಲು ಹರಡಿನ, ಅಂದರೆ ಪಾದದ ಕೀಲಿನ, ಹಿಂದೆ ಹಾದು ಅಂಗಾಲಿಗೆ ಹೋಗುವುದರಿಂದ ಎಳೆತ ಮೇಲಕ್ಕೆ ಸಾಗುತ್ತದೆ. ಬೆನ್ನೆಲುಬಿನ ನಡುವಿನ ಡಿಸ್ಕ್ ಜಾರಿ ನರದ ಬೇರನ್ನು ಒತ್ತುವುದನ್ನು 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ವಿವರಿಸಿದ ಮೇಲೆ ಈ ಪರೀಕ್ಷೆಯ ತೂಕ ಹೆಚ್ಚಿತು.

ಪಾದ ಬಗ್ಗಿಸಿಟ್ಟರೆ ಆರೋಗ್ಯವಂತರ ಕಾಲೂ ಕಡಿಮೆ ಎತ್ತರಕ್ಕೇ ನಿಲ್ಲುತ್ತದೆಂದು 1985ರ ಅಮೆರಿಕದ ಅಧ್ಯಯನವೊಂದು ಅಳೆದು ತೋರಿಸಿತು. ಆದ್ದರಿಂದ ಮೊದಲ ಭೇಟಿಯಲ್ಲಿ ಪಾದ ಸಡಿಲಬಿಟ್ಟು, ಮುಂದಿನ ಭೇಟಿಯಲ್ಲಿ ಬಗ್ಗಿಸಿ ಅಳೆದು ಎರಡನ್ನೂ ಹೋಲಿಸಿದರೆ, ಗುಣವಾಗುತ್ತಿರುವ ರೋಗಿಯೂ ಹದಗೆಟ್ಟಂತೆ ಕಾಣಬಹುದು. ಮೀನಖಂಡದ ಸ್ನಾಯು ಮಂಡಿಯನ್ನೂ ಹರಡನ್ನೂ ದಾಟುವುದರಿಂದ, ಅಲ್ಲಿನ ಬರೀ ಬಿಗಿತವನ್ನು ನರದ ನೋವೆಂದು ಎಣಿಸಬಾರದು. ಪರೀಕ್ಷೆಯ ಟಿಪ್ಪಣಿಯಲ್ಲಿ ಕಾಲು ಎದ್ದ ಕೋನ, ನೋವು ಬಂದ ಜಾಗ, ಪಾದ ಇದ್ದ ಸ್ಥಿತಿ ಮೂರೂ ಇರಬೇಕು.