ಗಡ್ಡಿ ತೆಗೆದ ಮೇಲೆ: ಕೀಮೋ ನಿರ್ಧಾರದ ಅರ್ಧ ಶತಮಾನ

"ಗಡ್ಡಿ ತಗದಾರಲ್ರಿ, ಇನ್ಯಾಕ್ರೀ ಕೀಮೋ?" ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಮುಳವಾಡದ ಕಡೆಯಿಂದ ಬರುವ ಮನೆಮಂದಿ ಮೊದಲಿನಿಂದಲೂ ಕೇಳುತ್ತ ಬಂದ ಪ್ರಶ್ನೆ ಇದು. ಈಚೆಗೆ ಅದರ ಬೆನ್ನಿಗೆ ಇನ್ನೊಂದು ಬರುತ್ತಿದೆ: "ಜೀನ್ ಟೆಸ್ಟ್ ಮಾಡ್ಸಿದ್ರ ಕೀಮೋ ತಪ್ಪತೈತಂತ, ಖರೇ ಏನ್ರಿ?" ಮೊಬೈಲಿನ ವಿಡಿಯೋಗಳು ಹಾಗೇ ಹೇಳುತ್ತವೆ, ಓದಿಕೊಂಡವರೂ ನಂಬುತ್ತಾರೆ. ಮೂರು ದಶಕದಿಂದ ಸೂಕ್ಷ್ಮದರ್ಶಕದ ಮುಂದೆ ಕೂತ ಪೆಥಾಲಜಿಸ್ಟಾಗಿ ನನಗೆ ಇದು ಕಳವಳ ತರುತ್ತದೆ. ಸ್ತನ ಕ್ಯಾನ್ಸರಿಗೆ ಕೀಮೋ ಬೇಕೋ ಬೇಡವೋ ಎನ್ನುವ ನಿರ್ಧಾರದ ಇತಿಹಾಸವೆಲ್ಲ ತೆಗೆದ ಗಡ್ಡೆಯನ್ನು ಓದಲು ಕಲಿತ ಇತಿಹಾಸ. ಗಡ್ಡೆಯೇ ಕೆಟ್ಟು ಬಂದರೆ ಯಾವ ಪರೀಕ್ಷೆ ಏನು ಹೇಳೀತು?

ಮೊದಲ ಘಟ್ಟವನ್ನು ಬೇಗ ಮುಗಿಸಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಸ್ತನವನ್ನು ಎದೆಯ ಸ್ನಾಯು, ಕಂಕುಳ ಗಂಟುಗಳ ಸಮೇತ ತೆಗೆದರು. ಎಷ್ಟು ಅಗಲ ಕತ್ತರಿಸಿದರೆ ಅಷ್ಟು ಕ್ಷೇಮ ಎಂಬ ನಂಬಿಕೆ ದಶಕಗಟ್ಟಲೆ ನಡೆಯಿತು. ಅದನ್ನು ಮುರಿದವರು ಅಲ್ಲಿನವರೇ ಆದ ಶಸ್ತ್ರವೈದ್ಯ ಬರ್ನಾರ್ಡ್ ಫಿಶರ್. ಗಡ್ಡೆ ಕೈಗೆ ಸಿಗುವ ಹೊತ್ತಿಗೇ ಅದರ ಕಣಗಳು ರಕ್ತದಲ್ಲಿ ಹೊರಟಿರಬಹುದು, ಹಾಗಾಗಿ ಇಡೀ ಮೈಗೆ ಔಷಧ ಬೇಕು ಎಂಬುದು ಅವರ ವಾದ. 1973ರಲ್ಲಿ ಮಿಲಾನಿನಲ್ಲಿ ವೈದ್ಯ ಬೊನಾಡೊನ್ನ ಸಿಎಂಎಫ್ ಎಂಬ ಮೂರು ಔಷಧಗಳ ಪ್ರಯೋಗಕ್ಕೆ ಕೈಹಾಕಿದರು. ಕಂಕುಳ ಗಂಟಿಗೆ ರೋಗ ಹಬ್ಬಿದ್ದ 386 ಮಹಿಳೆಯರ ಫಲಿತಾಂಶ 1976ರಲ್ಲಿ ಹೊರಬಂದಾಗ, ಔಷಧ ಪಡೆದವರಲ್ಲಿ ರೋಗ ಮರುಕಳಿಸುವುದು ಬಹಳ ಕಡಿಮೆಯಾಗಿತ್ತು.

ಮುಂದೆ ಉತ್ಸಾಹ ಅಳತೆ ಮೀರಿತು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಗಂಟಿಗೆ ಹಬ್ಬಿರಲಿ ಬಿಡಲಿ, ಬಹುಪಾಲು ಮಹಿಳೆಯರಿಗೆ ಕೀಮೋ ಕೊಡಿ ಎಂದಿತು. ಕೀಮೋ ಇಲ್ಲದೆಯೂ ಗುಣವಾಗಿ ಉಳಿಯುತ್ತಿದ್ದ ಎಷ್ಟೋ ಹೆಣ್ಣುಮಕ್ಕಳು ಕೂದಲು ಉದುರಿಸಿಕೊಂಡು, ವಾಂತಿ, ಸೋಂಕು ಅನುಭವಿಸಿದರು. ಆದರೆ ಅಂಥವರು ಯಾರು ಎಂದು ಬೇರ್ಪಡಿಸಿ ತೋರಿಸುವ ಶಕ್ತಿ ಆಗ ವೈದ್ಯಕೀಯಕ್ಕೆ ಅರ್ಧದಷ್ಟೇ ಇತ್ತು.

ಆ ಅರ್ಧ ಶಕ್ತಿ ಬಂದದ್ದು ಪೆಥಾಲಜಿಯಿಂದ, ಅದರ ಋಣವನ್ನು ಈಗ ಯಾರೂ ನೆನೆಯುವುದಿಲ್ಲ. ಗಡ್ಡೆ ಎಷ್ಟು ಸೆಂಟಿಮೀಟರು, ಯಾವ ಗ್ರೇಡು, ಎಷ್ಟು ಗಂಟುಗಳಲ್ಲಿ ರೋಗವಿದೆ: ಇವು ಮೂರನ್ನು ಸೇರಿಸಿದ ನಾಟಿಂಗ್‌ಹ್ಯಾಮ್ ಸೂಚ್ಯಂಕ 1982ರದು, ಇವತ್ತಿಗೂ ಹಳತಾಗಿಲ್ಲ. ಅದಕ್ಕೆ ಈಸ್ಟ್ರೊಜೆನ್ ಗ್ರಾಹಿ, ಅಂದರೆ ಅಂಡಾಶಯದ ಆ ಹಾರ್ಮೋನು ಗಡ್ಡೆಯ ಕಣಕ್ಕೆ ಅಂಟುವ ಜಾಗ, ಸೇರಿತು. ಗ್ಲಾಸ್ಗೋದ ಬೀಟ್ಸನ್ 1896ರಲ್ಲೇ ಅಂಡಾಶಯ ತೆಗೆದು ಸ್ತನದ ಗಡ್ಡೆ ಕುಗ್ಗಿದ್ದನ್ನು ವರದಿ ಮಾಡಿದ್ದರು. ಕಾರಣ ತಿಳಿಯಲು ಆರೇಳು ದಶಕ ಬೇಕಾಯಿತು. ಗ್ರಾಹಿ ಇರುವ ಗಡ್ಡೆಗೆ ಆ ಹಾರ್ಮೋನನ್ನು ತಡೆಯುವ ಟ್ಯಾಮೊಕ್ಸಿಫೆನ್ ಐದು ವರ್ಷ ನುಂಗಿದರೆ ಸಾವಿನ ಅಪಾಯ ಸುಮಾರು ಮೂರನೆಯ ಒಂದು ಭಾಗ ತಗ್ಗುತ್ತದೆಂದು ಆಕ್ಸ್‌ಫರ್ಡಿನ ಒಟ್ಟು ವಿಶ್ಲೇಷಣೆಗಳು ತೋರಿಸಿದವು. ಅಗ್ಗದ ಮಾತ್ರೆ ಅದು. ಜೀವ ಉಳಿಸುವುದರಲ್ಲಿ ಎಷ್ಟೋ ದುಬಾರಿ ಔಷಧಗಳಿಗಿಂತ ಅದರ ಪಾಲು ದೊಡ್ಡದು.

ನನ್ನ ತಲೆಮಾರು ಕಲಿತದ್ದು ಗ್ರಾಹಿಗಳನ್ನು ಗಾಜಿನ ಪಟ್ಟಿಯ ಮೇಲೆ ಕಂದು ಬಣ್ಣದಲ್ಲಿ ಕಾಣಿಸುವ ಐಎಚ್‌ಸಿ ವಿಧಾನವನ್ನು. ಇಆರ್ (ಈಸ್ಟ್ರೊಜೆನ್ ಗ್ರಾಹಿ), ಪಿಆರ್ (ಪ್ರೊಜೆಸ್ಟರಾನ್ ಗ್ರಾಹಿ), ಹರ್-2 (ಕಣಗಳ ಬೆಳವಣಿಗೆಗೆ ಒತ್ತು ಕೊಡುವ ಪ್ರೋಟೀನು) ಎಂಬ ಮೂರು ಬಣ್ಣದ ಪರೀಕ್ಷೆಗಳು ಸ್ತನ ಕ್ಯಾನ್ಸರನ್ನು ಬೇರೆ ಬೇರೆ ರೋಗಗಳಾಗಿ ಒಡೆದವು. ಹರ್-2 ಇದ್ದವರಿಗೆ ಟ್ರಾಸ್ಟುಜುಮ್ಯಾಬ್ ಎಂಬ ಔಷಧ ಬಂತು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದರ ದೇಶೀ ರೂಪವನ್ನು ಮಾರುಕಟ್ಟೆಗೆ ತಂದಿತು. ಮೂರೂ ಇಲ್ಲದ ಟ್ರಿಪಲ್ ನೆಗೆಟಿವ್ ಬಗೆಯಲ್ಲಿ, ಗಡ್ಡೆ ತೀರ ಚಿಕ್ಕದಲ್ಲದಿದ್ದರೆ, ಕೀಮೋ ಬೇಕೇ ಬೇಕು. ನಮ್ಮ ದೇಶದಲ್ಲಿ ಈ ಬಗೆಯ ಪ್ರಮಾಣ ಪಶ್ಚಿಮಕ್ಕಿಂತ ಹೆಚ್ಚು. ಜೀನ್ ಟೆಸ್ಟಿನ ಮಾತು ಈ ಬಗೆಯವರಿಗೆ ಅನ್ವಯಿಸುವುದೇ ಇಲ್ಲ. ವಿಡಿಯೋಗಳು ನುಂಗಿಬಿಡುವ ಮಾತು ಇದು.

ಪರೀಕ್ಷೆ ಯಾರಿಗೆ? ಗ್ರಾಹಿ ಇದ್ದು, ಹರ್-2 ಇಲ್ಲದೆ, ಗಂಟುಗಳಿಗೆ ಹಬ್ಬದ ಅಥವಾ ಮೂರರೊಳಗೆ ಹಬ್ಬಿದವರಿಗೆ. ಗಡ್ಡೆಯ 21 ಜೀನುಗಳನ್ನು ನೋಡಿ ರೋಗ ಮರುಕಳಿಸುವ ಅಪಾಯಕ್ಕೆ ಅಂಕ ಕೊಡುವ ಆಂಕೋಟೈಪ್ ಪರೀಕ್ಷೆ 2004ರಲ್ಲಿ ಬಂತು. ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಟೇಲರ್‌ಎಕ್ಸ್ ಪ್ರಯೋಗ, ಅಂಕ 11ರಿಂದ 25ರ ನಡುವೆ ಇದ್ದವರಲ್ಲಿ ಒಟ್ಟಾರೆ ಕೀಮೋದಿಂದ ಹೆಚ್ಚಿನ ಲಾಭವಿಲ್ಲವೆಂದು 2018ರಲ್ಲಿ ತೋರಿಸಿತು. ಆದರೆ 50 ವರ್ಷದೊಳಗಿನವರಲ್ಲಿ ಅಂಕ 16 ಮುಟ್ಟಿದರೆ ಸ್ವಲ್ಪ ಲಾಭ ಕಂಡಿತು. ಗಂಟಿಗೆ ಹಬ್ಬಿದ್ದೂ ಅಂಕ 25 ಮೀರದವರ ಆರ್‌ಎಕ್ಸ್‌ಪಾಂಡರ್ ಪ್ರಯೋಗದಲ್ಲೂ ಮುಟ್ಟು ನಿಂತವರಿಗೆ ಕೀಮೋದ ಲಾಭವಿಲ್ಲ, ನಿಲ್ಲದವರಿಗೆ ಇದೆ. ಆ ಲಾಭ ಕೀಮೋದ್ದೋ, ಕೀಮೋ ಅಂಡಾಶಯವನ್ನು ತಣ್ಣಗಾಗಿಸಿದ್ದರಿಂದ ಬಂದದ್ದೋ ಎಂಬ ಚರ್ಚೆ ಮುಗಿದಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಈ ರೋಗ ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಅಂದರೆ ಉತ್ತರ ಸಿಗದ ಪ್ರಶ್ನೆಯೇ ನಮ್ಮ ಪಾಲಿಗೆ ಹೆಚ್ಚು ಬಂದಿದೆ.

ಆಂಕೋಟೈಪ್‌ಗೆ ಲಕ್ಷಗಟ್ಟಲೆ ರೂಪಾಯಿ ಬೇಕು. ಇದಕ್ಕೆ ಬೆಂಗಳೂರೇ ಒಂದು ಉತ್ತರ ಕೊಟ್ಟಿತು. ಮಂಜಿರಿ ಬಾಕ್ರೆ ಕಟ್ಟಿದ ಆಂಕೋಸ್ಟೆಮ್ ಸಂಸ್ಥೆ 2016ರಲ್ಲಿ ತಂದ ಕ್ಯಾನ್‌ಅಸಿಸ್ಟ್ ಪರೀಕ್ಷೆ ನಮ್ಮದೇ ಐಎಚ್‌ಸಿ ವಿಧಾನದಲ್ಲಿ ಐದು ಪ್ರೋಟೀನುಗಳನ್ನು ನೋಡುತ್ತದೆ. ಗಡ್ಡೆಯ ಗಾತ್ರ, ಗ್ರೇಡು, ಗಂಟುಗಳನ್ನು ಜೊತೆಗಿಟ್ಟು 100ರೊಳಗೆ ಒಂದು ಅಂಕ ಕೊಡುತ್ತದೆ. 15.5 ದಾಟದಿದ್ದರೆ ಅಪಾಯ ಕಡಿಮೆ. ಬೆಲೆ ಆಂಕೋಟೈಪ್‌ಗಿಂತ ಬಹಳ ಕಡಿಮೆ. ನನಗೆ ಇದರ ಬಗ್ಗೆ ಹೆಮ್ಮೆಯಿದೆ. ಆದರೂ ಇದರ ಪುರಾವೆ ಬಹುಪಾಲು ಮೇಣದಲ್ಲಿ ಕೂಡಿಟ್ಟ ಹಳೆಯ ಗಡ್ಡೆಗಳ ಬ್ಲಾಕ್‌ಗಳಿಂದ ಬಂದದ್ದು. ಟೇಲರ್‌ಎಕ್ಸ್‌ನಂತೆ ಚೀಟಿ ಎತ್ತಿ ಹಂಚಿ, ವರ್ಷಗಟ್ಟಲೆ ಕಾದು ನೋಡಿದ ಪ್ರಯೋಗ ನಮ್ಮ ನೆಲದಲ್ಲಿ ಆಗಬೇಕು. ಹಣವೇ ಇಲ್ಲದವರಿಗೆ ಕೀಮೋದಿಂದ ಎಷ್ಟು ಲಾಭವೆಂದು ಅಂದಾಜಿಸುವ ಕೇಂಬ್ರಿಜ್‌ನ ಪ್ರೆಡಿಕ್ಟ್ ಲೆಕ್ಕಾಚಾರ ಉಚಿತವಾಗಿ ಸಿಗುತ್ತದೆ. ಒಳ್ಳೆಯ ವರದಿ ಕೈಯಲ್ಲಿದ್ದರೆ ಅದರಿಂದಲೂ ಎಷ್ಟೋ ದಾರಿ ಕಾಣುತ್ತದೆ.

ಆ ಒಳ್ಳೆಯ ವರದಿಯೇ ಇಲ್ಲಿ ಅಪರೂಪ. ತೆಗೆದ ಗಡ್ಡೆ ಒಂದು ತಾಸಿನೊಳಗೆ ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರಾವಣ ಸೇರಬೇಕು, ಇಡಿಯಾಗಿ ಮುಳುಗಿಸದೆ ಹೋಳು ಮಾಡಿರಬೇಕು, ಕನಿಷ್ಠ 6 ತಾಸು, ಹೆಚ್ಚೆಂದರೆ 72 ತಾಸು ಅದರಲ್ಲಿರಬೇಕು. ಸಣ್ಣ ನರ್ಸಿಂಗ್ ಹೋಮ್‌ಗಳಿಂದ ನನ್ನ ಮೇಜಿಗೆ ಬರುವ ಡಬ್ಬಿಗಳಲ್ಲಿ ಕೆಲವು ಸಲೈನಿನಲ್ಲಿರುತ್ತವೆ, ಕೆಲವು ಮಂಡೆಯಷ್ಟು ಗಡ್ಡೆಗೆ ಬೊಗಸೆಯಷ್ಟು ಫಾರ್ಮಲಿನ್ ಹಾಕಿರುತ್ತವೆ. ಒಳಗೆ ಕೊಳೆತ ಗಡ್ಡೆಯಲ್ಲಿ ಇದ್ದ ಗ್ರಾಹಿಯೂ ಇಲ್ಲವೆಂದು ತೋರುತ್ತದೆ. ಆ ತಾಯಿಗೆ ಟ್ಯಾಮೊಕ್ಸಿಫೆನ್ ತಪ್ಪುತ್ತದೆ, ಬೇಡದ ಕೀಮೋ ಗಂಟುಬೀಳುತ್ತದೆ. ಕಂಕುಳ ಗಂಟುಗಳನ್ನು ಕಳಿಸದೇ ಇದ್ದರೆ ಹಬ್ಬಿದೆಯೋ ಇಲ್ಲವೋ ಎಂಬುದೇ ತಿಳಿಯದು. ಇನ್ನು ಗಡ್ಡೆಯನ್ನು ಪರೀಕ್ಷೆಗೇ ಕಳಿಸದೆ ಬಿಸಾಡಿದವರ ಮನೆಯವರಿಗೆ ಯಾವ ಪರೀಕ್ಷೆಯನ್ನು ಹೇಳಲಿ?

ಇತ್ತ ಚಿಕಿತ್ಸೆಯೇನೋ ಹತ್ತಿರವಾಗುತ್ತಿದೆ. 2010ರಲ್ಲಿ ರಾಜ್ಯದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂದ ಮೇಲೆ ಬಡವರ ಕ್ಯಾನ್ಸರ್ ಚಿಕಿತ್ಸೆಗೆ ಸರ್ಕಾರ ಹಣ ಕಟ್ಟಿತು. 2025ರಲ್ಲಿ ರಾಜ್ಯದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳು ತೆರೆದವು. 21 ದಿನಕ್ಕೊಮ್ಮೆ ಸೊಲ್ಲಾಪುರ, ಹುಬ್ಬಳ್ಳಿ, ಬೆಂಗಳೂರಿಗೆ ಅಲೆಯುತ್ತಿದ್ದವರಿಗೆ ಇಂಥವು ದೊಡ್ಡ ಆಸರೆ. ಔಷಧ ಹತ್ತಿರ ಬಂದಷ್ಟೂ ಅದನ್ನು ಯಾರಿಗೆ ಕೊಡಬೇಕೆಂಬ ತೀರ್ಮಾನವೂ ಅಷ್ಟೇ ಜೋಪಾನವಾಗಬೇಕು. ಅದಕ್ಕೆ ತಾಲ್ಲೂಕಿನ ಪ್ರತಿ ಆಪರೇಷನ್ ಥಿಯೇಟರಿನಲ್ಲೂ ಅಗಲ ಬಾಯಿಯ ಡಬ್ಬಿ, ಗಡ್ಡೆಯ ಹತ್ತು ಪಟ್ಟು ಬಫರ್ಡ್ ಫಾರ್ಮಲಿನ್ ಇರಲಿ. ಜೊತೆಗೆ ಹೋಗುವ ಚೀಟಿಯಲ್ಲಿ ಎರಡು ಹೊತ್ತುಗಳನ್ನು ಬರೆಯಲಿ: ಗಡ್ಡೆ ಮೈಯಿಂದ ಹೊರಬಂದದ್ದು ಎಷ್ಟಕ್ಕೆ, ಫಾರ್ಮಲಿನ್‌ಗೆ ಬಿದ್ದದ್ದು ಎಷ್ಟಕ್ಕೆ.